ನಿನ್ನ ಮಣ್ಣಿಗೆ ನಿನ್ನದೇ ನೀರಿನ ಲೆಕ್ಕ

ಆನೋಕಾ, ಮಿನೆಸೋಟ
ಏಪ್ರಿಲ್ ಮೊದಲ ವಾರ



ನಿನ್ನ ಕಾಗದ ಓದಿ ತುಂಬಾ ಸಂತೋಷವಾಯಿತು. ಟೊಲೀಡೋ ಪೇಟೆಯ ಹೊರಗೆ ಮನೆ ತೆಗೆದುಕೊಂಡು, ಹಿತ್ತಿಲಿನ ಅರ್ಧ ಎಕರೆಯಲ್ಲಿ ಈ ವರ್ಷವೇ ದೈತ್ಯ ಕುಂಬಳ ಬೆಳೆಸಲಿಕ್ಕೆ ಹೊರಟಿದ್ದೀಯ. ನಮ್ಮ ಕುಟುಂಬದಲ್ಲಿ ಮಣ್ಣಿಗೆ ಕೈ ಹಾಕುವವರು ನನ್ನ ತಲೆಗೇ ಮುಗಿದರೋ ಎಂಬ ಚಿಂತೆ ಇತ್ತು. ನೀನು ಅದನ್ನು ಕಳೆದೆ. "ಮಾವ, ನಿಮ್ಮ ಹನಿ ನೀರಾವರಿಯ ನಕ್ಷೆ ಬರೆದು ಕಳುಹಿಸಿ, ನಾನೂ ಹಾಗೇ ಪೈಪು ಎಳೆಯುತ್ತೇನೆ" ಎಂದು ಕೇಳಿದ್ದೀಯ. ನಕ್ಷೆ ಕಳುಹಿಸುವುದಿಲ್ಲ ಕೂಸೇ. ನನ್ನ ನಕ್ಷೆಯನ್ನು ನಿನ್ನ ಹಿತ್ತಿಲಿಗೆ ಇಳಿಸಿದರೆ ಜುಲೈ ಮುಗಿಯುವುದರೊಳಗೆ ಬಳ್ಳಿಯ ಬೇರು ಕೊಳೆಯುತ್ತದೆ. ಅದರ ಬದಲು ನಿನ್ನ ನಕ್ಷೆಯನ್ನು ನೀನೇ ಬರೆಯಲಿಕ್ಕೆ ಏನೆಲ್ಲ ತಿಳಿದಿರಬೇಕೋ ಅದನ್ನು ಬರೆಯುತ್ತೇನೆ. ಉದ್ದವಾದೀತು, ಬಿಡುವು ಮಾಡಿಕೊಂಡು ಓದು.

ನಾನಿರುವ ಈ ಭಾಗಕ್ಕೆ ಆನೋಕಾ ಮರಳು ಬಯಲು ಎಂದೇ ಹೆಸರು. ಹಿಮಯುಗ ಕೊನೆಯಾಗುವ ಹೊತ್ತಿಗೆ ಹಿಮನದಿ ಕರಗಿದ ನೀರು ಹೊತ್ತು ತಂದು ಹಾಕಿದ ಮರಳು ಇದು. ಇಲ್ಲಿ ಕೊಡ ನೀರು ಸುರಿದರೆ ಕಣ್ಣೆದುರೇ ಇಂಗಿ ಹೋಗುತ್ತದೆ. ಮರುದಿನ ನೋಡಿದರೆ ಬೇರಿನ ಮಟ್ಟದಲ್ಲಿ ಪಸೆ ಇಲ್ಲ. ನಿನ್ನ ಊರಿನ ಕಥೆ ಇದಕ್ಕೆ ಪೂರ್ತಿ ತಿರುಗುಮುರುಗು. ವಾಯವ್ಯ ಒಹಾಯೋದ ನೆಲ ಹಿಂದೆ ದೊಡ್ಡ ಸರೋವರವೊಂದರ ತಳವಾಗಿತ್ತು. ಸರೋವರ ಹಿಂದೆ ಸರಿದ ಮೇಲೆ ಅದು ಜೌಗು ಕಾಡಾಗಿ ಉಳಿಯಿತು. 'ಗ್ರೇಟ್ ಬ್ಲ್ಯಾಕ್ ಸ್ವಾಂಪ್' ಎಂದು ಕರೆಯುತ್ತಿದ್ದರು. 19ನೇ ಶತಮಾನದ ಉತ್ತರಾರ್ಧದಲ್ಲಿ ರೈತರು ಕಣಿ ಕಡಿದು, ನೆಲದಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂತು, ಆ ನೀರನ್ನೆಲ್ಲ ಬಸಿದು ತೆಗೆದು ಗದ್ದೆ ಮಾಡಿಕೊಂಡರು. ನಮ್ಮ ಅಡಿಕೆ ತೋಟದ ಬಸಿಗಾಲುವೆಯ ಕೆಲಸವನ್ನೇ ಅವರು ನೆಲದೊಳಗೆ ಮಾಡಿದರು. ಹಾಗಾಗಿ ನಿನ್ನ ಹಿತ್ತಿಲಿನದು ಅಂಟು ಜೇಡಿ, ಸಾರವತ್ತಾದ ಮಣ್ಣು. ಅದು ನೀರನ್ನು ನಿಧಾನಕ್ಕೆ ಕುಡಿಯುತ್ತದೆ, ಕುಡಿದದ್ದನ್ನು ಬಹಳ ದಿನ ಬಿಡುವುದಿಲ್ಲ.

ನೀನು ನಮ್ಮೂರಿನ ಟ್ರಾವಿಸ್ ಗೀಂಗರ್ ಅವರ ಬಗ್ಗೆ ಓದಿ ಬರೆದಿದ್ದೀಯಲ್ಲ, ಅಲ್ಲಿಂದಲೇ ಗೊಂದಲ ಹುಟ್ಟಿದೆ ಎಂದು ಕಾಣುತ್ತದೆ. ಆನೋಕಾದ ಈ ತೋಟಗಾರಿಕೆ ಮೇಷ್ಟ್ರು 2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಹಾಫ್ ಮೂನ್ ಬೇಯ ತೂಕದ ಸ್ಪರ್ಧೆಗೆ 2,749 ಪೌಂಡಿನ, ಅಂದರೆ ಸುಮಾರು 1,247 ಕಿಲೋ ತೂಕದ ಕಾಯಿ ಒಯ್ದು ವಿಶ್ವದಾಖಲೆ ಮಾಡಿದರು. ಆ ವರ್ಷ ದಿನಕ್ಕೆ 12 ಸಲದವರೆಗೂ ನೀರು ಕೊಟ್ಟದ್ದಾಗಿ ಅವರು ಹೇಳಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಅದನ್ನು ಓದಿದವರು "12 ಸಲ" ಎಂಬುದನ್ನು ಹಿಡಿದುಕೊಂಡರು. ಎಷ್ಟು ಸಲ ಎಂಬುದು ಅವರ ನೆಲ, ಅವರ ಗಾಳಿ, ಅವರ ಬಿಸಿಲು ಹೇಳಿಕೊಟ್ಟ ಲೆಕ್ಕ. ನಿನ್ನ ಜೇಡಿಗೆ ದಿನಕ್ಕೆ 12 ಸಲ ನೀರು ಬಿಟ್ಟರೆ ಹಿತ್ತಿಲು ಮತ್ತೆ ಹಳೆಯ ಜೌಗಾಗುತ್ತದೆ. ಈಗ ಆ ದಾಖಲೆಯೂ ಹಳೆಯದಾಯಿತು. 2025ರಲ್ಲಿ ಇಂಗ್ಲೆಂಡಿನ ಲಿಮಿಂಗ್ಟನ್ನಿನ ಅವಳಿ ಸಹೋದರರಾದ ಇಯಾನ್ ಮತ್ತು ಸ್ಟುವರ್ಟ್ ಪೇಟನ್ 2,819 ಪೌಂಡಿನ ಕಾಯಿ ತೂಗಿಸಿದರು. ಅವರು ಬೆಳೆಸುವುದು ಹಸಿರುಮನೆಯೊಳಗೆ, ಮಳೆಯೇ ಬೀಳದ ಜಾಗದಲ್ಲಿ. ಮೂವರು ಬೆಳೆಗಾರರಿದ್ದರೆ ಮೂರು ಬಗೆಯ ನೀರು.

ಬೀಜದ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ಮನೆಯವರು. ಕೆನಡಾದ ನೋವಾ ಸ್ಕೋಷಿಯದ ವಿಂಡ್ಸರ್ ಎಂಬ ಊರಿನ ರೈತ ಹೋವರ್ಡ್ ಡಿಲ್ ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ 'ಅಟ್ಲಾಂಟಿಕ್ ಜಯಂಟ್' ತಳಿಯ ಮೊಮ್ಮಕ್ಕಳು, ಮರಿಮಕ್ಕಳು ಇವೆಲ್ಲ. 1979ರಿಂದ 1982ರವರೆಗೆ ನಾಲ್ಕು ವರ್ಷ ಸತತವಾಗಿ ತೂಕದ ಸ್ಪರ್ಧೆಯನ್ನು ಡಿಲ್ ಅವರೇ ಗೆದ್ದರು, ಆಗ ಐನೂರು ಪೌಂಡು ಮುಟ್ಟುವುದೇ ದೊಡ್ಡ ಮಾತಾಗಿತ್ತು. ಅಲ್ಲಿಂದ ಇಲ್ಲಿಗೆ ತೂಕ ಐದು ಪಟ್ಟಿಗಿಂತ ಹೆಚ್ಚು ಏರಲಿಕ್ಕೆ ಬೀಜ ಒಂದು ಕಾರಣ. ಮಣ್ಣು, ನೀರುಗಳನ್ನು ಬೆಳೆಗಾರರು ಅರಿತುಕೊಂಡದ್ದು ಇನ್ನೊಂದು ಕಾರಣ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಸೂರ್ಯಮುಖಿ' ಕೂಡ ಇದೇ ಜಾತಿಯ ಕುಂಬಳ, ಅದರ ಕಾಯಿ ಕಿಲೋ ಒಂದೂವರೆಯೊಳಗೆ ನಿಲ್ಲುತ್ತದೆ. ಹುಳಿ ಮಾಡಲಿಕ್ಕೆ ಅದೇ ಚೆಂದ. ದೈತ್ಯ ಕಾಯಿ ರುಚಿಗೆ ಬೆಳೆಸುವ ವಸ್ತುವಲ್ಲ ಎಂಬುದನ್ನು ನಿನ್ನ ಅಮ್ಮನಿಗೆ ಮೊದಲೇ ಹೇಳಿಡು. "ಅಷ್ಟು ದೊಡ್ಡದು ಏನು ಮಾಡಲಿಕ್ಕೆ?" ಎಂದು ನನ್ನಲ್ಲಿ ಫೋನಿನಲ್ಲಿ ಕೇಳಿದ್ದಾಳೆ. ಒಂದು ಗಿಡವನ್ನು ಇಷ್ಟು ಹತ್ತಿರದಿಂದ ತಿಳಿದುಕೊಳ್ಳುವ ಅವಕಾಶ ಬೇರೆ ಯಾವ ಬೆಳೆಯಲ್ಲೂ ಸಿಗುವುದಿಲ್ಲ ಎಂದು ನಾನು ಹೇಳಿದೆ. ಅದು ನನ್ನ ಮನಸ್ಸಿನ ಮಾತು.

ಇನ್ನು ಬೇರಿನ ವಿಷಯಕ್ಕೆ ಬರುತ್ತೇನೆ. ನೀರಾವರಿ ಶುರುವಾಗುವುದು ಪೈಪಿನಿಂದಲ್ಲ, ಬೇರು ಎಲ್ಲಿದೆ ಎಂದು ತಿಳಿಯುವುದರಿಂದ.

ವಿಟ್ಲದ ಅಜ್ಜನ ಮನೆಯಲ್ಲಿ ನಾನೂ ನಿನ್ನ ಅಮ್ಮನೂ ಬೇಸಿಗೆ ರಜೆಯಲ್ಲಿ ಕಣಿಯ ನೀರನ್ನು ಹಾಳೆಯಲ್ಲಿ ತೋಕಿ ಅಡಿಕೆ ಮರಗಳ ಬುಡ ನೆನೆಸುತ್ತಿದ್ದೆವು. ಬುಡಕ್ಕೆ ನೀರು ಎಂಬುದು ನಮ್ಮ ಕೈಗೆ ಅಂಟಿದ ಅಭ್ಯಾಸ. ದೈತ್ಯ ಕುಂಬಳದಲ್ಲಿ ಈ ಅಭ್ಯಾಸವನ್ನು ಬಿಡಬೇಕು. ಈ ಬಳ್ಳಿ ಹರಿದಲ್ಲೆಲ್ಲ ಪ್ರತಿ ಗೆಣ್ಣಿನಿಂದಲೂ ಬೇರು ಇಳಿಸುತ್ತದೆ. ಬೆಳೆಗಾರರು ಗೆಣ್ಣುಗಳ ಮೇಲೆ ಮಣ್ಣು ಎಳೆದು ಮುಚ್ಚುವುದು ಅದಕ್ಕಾಗಿಯೇ. ಮುಖ್ಯ ಬಳ್ಳಿ ಒಂದು, ಅದರ ಎರಡೂ ಬದಿಗೆ ಕವಲು ಬಳ್ಳಿಗಳು. ಕವಲಿನಿಂದ ಹೊರಡುವ ಮರಿಕವಲನ್ನೆಲ್ಲ ಚಿವುಟಬೇಕು. ಹೀಗೆ ಬೆಳೆಸಿದ ಒಂದೇ ಗಿಡ ಜುಲೈ ಕೊನೆಗೆ ಸುಮಾರು ಸಾವಿರ ಚದರ ಅಡಿ ಹಬ್ಬುತ್ತದೆ, ಅಷ್ಟೂ ಜಾಗದ ಮೇಲ್ಮಣ್ಣಿನಲ್ಲಿ ಬೇರು ತುಂಬಿಕೊಂಡಿರುತ್ತದೆ. ಆಗ ಮೂಲ ಬುಡಕ್ಕೆ ನೀರು ಸುರಿದರೆ ಬುಡ ಕೊಳೆಯುತ್ತದೆ, ಇಪ್ಪತ್ತು ಅಡಿ ದೂರದ ಬೇರುಗಳು ಬಾಯಾರಿ ಕುಳಿತಿರುತ್ತವೆ. ಸಸಿ ನಾಟಿಯಾದ ಮೊದಲ ವಾರಗಳನ್ನು ಬಿಟ್ಟರೆ ಬುಡ ಒಣಗಿರಲಿ. ನೀರು ಬಳ್ಳಿ ಹಬ್ಬುವ ಮಣ್ಣಿನ ಹಾಸಿಗೆಯ ಉದ್ದಗಲಕ್ಕೂ ಸಮನಾಗಿ ಹೋಗಬೇಕು. ನಿನ್ನ ವ್ಯವಸ್ಥೆ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯುವ ಕೋಲು ಇದೊಂದೇ: ಮೂಲೆಯ ಮಣ್ಣೂ ನಡುವಿನ ಮಣ್ಣೂ ಒಂದೇ ಹದದಲ್ಲಿ ಉಂಟೋ?

ಎಷ್ಟು ನೀರು ಬೇಕು ಎಂದು ಕೇಳಿದ್ದೀಯ. ಬಳ್ಳಿ ತುಂಬಿ, ಕಾಯಿ ಊದುವ ದಿನಗಳಲ್ಲಿ ಒಂದು ಗಿಡಕ್ಕೆ ದಿನಕ್ಕೆ ನೂರು ಗ್ಯಾಲನ್ ಆಸುಪಾಸು, ನಮ್ಮ ಲೆಕ್ಕದಲ್ಲಿ 380 ಲೀಟರ್. ಸಾವಿರ ಚದರ ಅಡಿಗೆ ಒಂದು ಇಂಚು ಮಳೆ ಬಿದ್ದರೆ 623 ಗ್ಯಾಲನ್ ಆಗುತ್ತದೆ. ಅಂದರೆ ವಾರಕ್ಕೆ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು ಮಳೆ ಹದವಾಗಿ ಬಿದ್ದಷ್ಟು ನೀರನ್ನು ನೀನು ಕೊಡಬೇಕು. ಒಂದು ಮಳೆಮಾಪಕ ನೆಟ್ಟುಕೋ. ಬಿದ್ದ ಮಳೆಯನ್ನು ಈ ಲೆಕ್ಕದಿಂದ ಕಳೆ, ಉಳಿದದ್ದನ್ನು ಮಾತ್ರ ನಲ್ಲಿಯಿಂದ ಕೊಡು. ಒಳ್ಳೆಯ ಬಳ್ಳಿಯಲ್ಲಿ ಆಗಸ್ಟಿನ ದಿನಗಳಲ್ಲಿ ಕಾಯಿ ದಿನವೊಂದಕ್ಕೆ 15ರಿಂದ 20 ಕಿಲೋ ಏರುವುದುಂಟು. ಅದರಲ್ಲಿ ಹೆಚ್ಚಿನ ಪಾಲು ನೀರೇ. ಇದನ್ನು ಕೇಳಿದ ಹೊಸಬರಿಗೆ, ಹೆಚ್ಚು ಸುರಿದಷ್ಟೂ ಹೆಚ್ಚು ತೂಕ ಎನಿಸುತ್ತದೆ. ಬೇರಿಗೆ ಉಸಿರೂ ಬೇಕು ಕೂಸೇ. ಜೇಡಿಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಗಾಳಿಗೆ ಜಾಗವಿಲ್ಲ. ಬೇರು ಸಾಯುತ್ತದೆ, ಸತ್ತ ಬೇರು ನೀರು ಹೀರುವುದಿಲ್ಲ, ಎಲೆ ಬಾಡುತ್ತದೆ. ಎಲೆ ಬಾಡಿತೆಂದು ಮತ್ತಷ್ಟು ನೀರು ಬಿಡುತ್ತಾರೆ. ಒಳ್ಳೆಯ ಬಳ್ಳಿಗಳು ಹೀಗೇ ಹಾಳಾಗುವುದು.

ಎಲೆ ಬಾಡುವುದನ್ನು ನೋಡಿ ಹೆದರಬೇಡ ಎಂದೂ ಹೇಳಬೇಕು. ಮಧ್ಯಾಹ್ನದ ಬಿಸಿಲಿಗೆ ಆ ಅಗಲವಾದ ಎಲೆಗಳು ಕೆಳಮುಖವಾಗುತ್ತವೆ. ಮಣ್ಣಿನಲ್ಲಿ ಬೇಕಾದಷ್ಟು ಪಸೆ ಇದ್ದರೂ ಎಲೆಯಿಂದ ಆವಿಯಾಗುವ ವೇಗಕ್ಕೆ ಬೇರು ತಲುಪಿಸಲಾರದು. ಸಂಜೆ ಆರಕ್ಕೆ ಅವು ತಾವಾಗಿ ಎದ್ದು ನಿಲ್ಲುತ್ತವೆ. ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಕೈಸಲಿಕೆ ಹಿಡಿದು ಮಣ್ಣು ಅಗೆದು ನೋಡು. ನಾಲ್ಕೈದು ಇಂಚು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡು. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದಾಗ ಒಡೆದರೆ ಹದವಾಗಿದೆ. ಬೆರಳಿಗೆ ಮೆತ್ತಿಕೊಂಡು ಹೊಳೆದರೆ ಎರಡು ದಿನ ನಲ್ಲಿ ಮುಟ್ಟಬೇಡ. ಕೈಗೆ ಅಂದಾಜು ಸಿಗುವವರೆಗೆ ಟೆನ್ಸಿಯೋಮೀಟರ್ ಎಂಬ ಉಪಕರಣ ಇಟ್ಟುಕೊಳ್ಳುವುದು ಒಳ್ಳೆಯದು. ತುದಿಯಲ್ಲಿ ಸುಟ್ಟ ಮಣ್ಣಿನ ಬಟ್ಟಲಿರುವ, ನೀರು ತುಂಬಿದ ಕೊಳವೆ ಅದು. ಮಣ್ಣು ಒಣಗಿದಂತೆ ಬಟ್ಟಲಿನ ಮೂಲಕ ನೀರನ್ನು ಎಳೆಯುತ್ತದೆ, ಆ ಎಳೆತವನ್ನು ಮೇಲಿನ ಮುಳ್ಳು ಸೆಂಟಿಬಾರ್‌ಗಳಲ್ಲಿ ತೋರಿಸುತ್ತದೆ. ನನ್ನ ಮರಳಿನಲ್ಲಿ ಮುಳ್ಳು 15 ದಾಟಿದರೆ ನೀರು ಬಿಡುತ್ತೇನೆ. ನಿನ್ನ ಜೇಡಿಯಲ್ಲಿ 30ರ ಆಚೆ ಹೋಗುವವರೆಗೂ ಕಾಯಬಹುದು. ಒಂದನ್ನು ಆರು ಇಂಚಿಗೂ ಇನ್ನೊಂದನ್ನು ಒಂದೂವರೆ ಅಡಿಗೂ ಇಳಿಸು. ಮೇಲಿನದು ಒಣಗಿ ಕೆಳಗಿನದು ಒದ್ದೆಯಾಗಿದ್ದರೆ ಗಾಬರಿ ಬೇಡ. ಕೆಳಗಿನದು ದಿನಗಟ್ಟಲೆ ಸೊನ್ನೆಯ ಹತ್ತಿರವೇ ನಿಂತರೆ ನೀರು ಹೆಚ್ಚಾಗಿದೆ ಎಂದು ತಿಳಿ.

ಈಗ ಪೈಪಿನ ಕೆಲಸ. ಮೊದಲು ಹಿತ್ತಿಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ಐದು ಗ್ಯಾಲನ್ನಿನ ಬಕೆಟ್ ತುಂಬಲಿಕ್ಕೆ ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡು. ಒಂದು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ ಐದು ಗ್ಯಾಲನ್ ಬರುತ್ತದೆ ಎಂದಾಯಿತು. ಹಾಸಿಗೆ 35 ಅಡಿ ಉದ್ದ, 30 ಅಡಿ ಅಗಲ ಇರಲಿ. ಮುಖ್ಯ ಬಳ್ಳಿ ಓಡುವ ನಡುಗೆರೆಯ ಪಕ್ಕದಲ್ಲಿ ಮುಕ್ಕಾಲು ಇಂಚಿನ ಮೇನ್ ಪೈಪು ಎಳೆ. ಅದರ ಎರಡೂ ಬದಿಗೆ, ಕವಲು ಬಳ್ಳಿಗಳು ಹೋಗುವ ದಿಕ್ಕಿನಲ್ಲೇ, ಹದಿನೈದು ಹದಿನೈದು ಅಡಿಯ ಡ್ರಿಪ್ ಟೇಪು ಕೊಡು. ಜೇಡಿಯಲ್ಲಿ ಒಂದು ಹನಿಯ ನೀರು ಅಡ್ಡಕ್ಕೆ ಅಗಲವಾಗಿ ಹರಡುವುದರಿಂದ ಸಾಲಿನಿಂದ ಸಾಲಿಗೆ ಎರಡು ಅಡಿ ಸಾಕು. ನನ್ನ ಮರಳಿನಲ್ಲಿ ನೀರು ನೆಟ್ಟಗೆ ಕೆಳಗಿಳಿಯುವುದರಿಂದ ಒಂದೊಂದು ಅಡಿಗೆ ಟೇಪು ಹಾಕಿದ್ದೇನೆ. ನನ್ನ ನಕ್ಷೆ ನಿನಗೆ ಆಗುವುದಿಲ್ಲ ಎಂದದ್ದಕ್ಕೆ ಇದೊಂದೇ ಸಾಲದೇ? ನಿನ್ನ ಲೆಕ್ಕದಲ್ಲಿ ಬದಿಗೆ 17ರಂತೆ 34 ಸಾಲು, ಒಟ್ಟು 510 ಅಡಿ ಟೇಪು. ಅಡಿಗೊಂದು ತೂತಿರುವ ಟೇಪನ್ನೇ ತಾ. ನೂರು ಅಡಿಗೆ ನಿಮಿಷಕ್ಕೆ ಎಷ್ಟು ನೀರು ಬಿಡುತ್ತದೆಂದು ಸುರುಳಿಯ ಮೇಲೆ ಬರೆದಿರುತ್ತದೆ. ಅರ್ಧ ಗ್ಯಾಲನ್ ಎಂದಿದ್ದರೆ ನಿನ್ನ ಇಡೀ ಹಾಸಿಗೆಗೆ ನಿಮಿಷಕ್ಕೆ ಎರಡೂವರೆ ಗ್ಯಾಲನ್. ನೂರು ಗ್ಯಾಲನ್ ಕೊಡಲಿಕ್ಕೆ 40 ನಿಮಿಷ. ನಿನ್ನ ನಲ್ಲಿ ಅದನ್ನು ಸಲೀಸಾಗಿ ಹೊರುತ್ತದೆ. ಬಕೆಟ್ ತುಂಬಲಿಕ್ಕೆ ಎರಡು ನಿಮಿಷ ಹಿಡಿದರೆ ಮಾತ್ರ ಹಾಸಿಗೆಯನ್ನು ಎರಡು ಭಾಗ ಮಾಡಿ ಸರದಿಯಲ್ಲಿ ಬಿಡು.

ನಲ್ಲಿಯ ಮುಖಕ್ಕೆ ಹಾಕುವ ವಸ್ತುಗಳಲ್ಲಿ ಯಾವುದನ್ನೂ ಬಿಡಬೇಡ. ಟೈಮರ್, ಆಮೇಲೆ ತೋಟದ ನೀರು ಮನೆಯ ಕುಡಿಯುವ ನೀರಿಗೆ ಹಿಂದಿರುಗದಂತೆ ತಡೆಯುವ ವಾಲ್ವ್, ಆಮೇಲೆ ಫಿಲ್ಟರ್, ಕೊನೆಗೆ ಪ್ರೆಶರ್ ರೆಗ್ಯುಲೇಟರ್. ಊರಿನ ನಲ್ಲಿಯ ಒತ್ತಡ ಸಾಮಾನ್ಯವಾಗಿ 40ರಿಂದ 60 ಪಿಎಸ್ಐ ಇರುತ್ತದೆ. ಟೇಪಿಗೆ ಬೇಕಾದದ್ದು ಎಂಟೋ ಹತ್ತೋ ಅಷ್ಟೇ. ರೆಗ್ಯುಲೇಟರ್ ಇಲ್ಲದಿದ್ದರೆ ಟೇಪು ಜಾಯಿಂಟಿನಿಂದ ಕಳಚಿ ಹೋಗುತ್ತದೆ, ಇಲ್ಲವೇ ಸೀಳುತ್ತದೆ. ನೀನು ಆಫೀಸಿನಲ್ಲಿರುವಾಗ ಇಡೀ ದಿನ ನೀರು ಒಂದೇ ಕಡೆ ನಿಲ್ಲುತ್ತದೆ. ಪ್ರತಿ ಸಾಲಿನ ಬಾಯಿಗೂ ಒಂದೊಂದು ಪುಟ್ಟ ವಾಲ್ವ್ ಹಾಕಿಕೋ. ಇದಕ್ಕೆ ಖರ್ಚು ಸ್ವಲ್ಪ ಏರುತ್ತದೆ, ಆದರೂ ಹಾಕು. ಮೇ ತಿಂಗಳಿನಲ್ಲಿ ಸಸಿ ಇರುವುದು ಒಂದು ತುದಿಯಲ್ಲಿ, ಹಾಸಿಗೆಯ ಉಳಿದ ಭಾಗ ಖಾಲಿ. ಬಳ್ಳಿ ಮುಂದೆ ಹೋದಂತೆ ಒಂದೊಂದೇ ಸಾಲು ತೆರೆಯುತ್ತ ಹೋಗಬಹುದು, ಬರೀ ಮಣ್ಣಿಗೆ ನೀರು ಕುಡಿಸಿ ಕಳೆ ಬೆಳೆಸುವ ಅಗತ್ಯವಿಲ್ಲ. ಟೇಪನ್ನು ತಂತಿಯ ಗೂಟದಿಂದ ನೆಲಕ್ಕೆ ಹಿಡಿಸು. ಗೆಣ್ಣಿಗೆ ಮಣ್ಣು ಮುಚ್ಚಲಿಕ್ಕೆ ಸಲಿಕೆ ಹಾಕುವಾಗ ಟೇಪು ಎಲ್ಲಿದೆ ಎಂದು ಕಣ್ಣಿಗೆ ಕಾಣಬೇಕು. ಹದಿನೈದು ದಿನಕ್ಕೊಮ್ಮೆ ಸಾಲುಗಳ ತುದಿ ಬಿಚ್ಚಿ ನೀರು ಹೊರಗೆ ಹರಿಸಿ ಕೆಸರು ತೊಳೆ.

ಮಳೆನೀರಿನ ಪೀಪಾಯಿಗೆ ಟೇಪು ಜೋಡಿಸಿದರೆ ವಿದ್ಯುತ್ತೂ ಬೇಡ, ಬಿಲ್ಲೂ ಬರುವುದಿಲ್ಲವಲ್ಲ ಎಂದು ಕೇಳಿದ್ದೀಯ. ಒಳ್ಳೆಯ ಯೋಚನೆಯೇ. ಆದರೆ ನೀರು ತಾನಾಗಿ ಒತ್ತಡ ಕೊಡಬೇಕಾದರೆ ಎತ್ತರ ಬೇಕು. ಒಂದು ಪಿಎಸ್ಐಗೆ ಎರಡು ಕಾಲು ಅಡಿಗಿಂತ ಹೆಚ್ಚು. ಎಂಟು ಪಿಎಸ್ಐ ಬೇಕಿದ್ದರೆ ಪೀಪಾಯಿಯನ್ನು ಹದಿನೆಂಟು ಅಡಿಗೂ ಮೇಲೆ ಇಡಬೇಕಾದೀತು. ನಮ್ಮ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಮೊದಲು ಕೊರೆದವುಗಳಲ್ಲಿ ನೀರು ಸಿಗದಿದ್ದರೂ ಬಿಡದೆ ಮತ್ತೆ ಕೊರೆದು, ನೀರು ತಂದು, ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಕಡೆಯ ಸುರಂಗದ ನೀರು ಮೋಟರಿಲ್ಲದೆ ತೊಟ್ಟಿಗಿಳಿದು ತೋಟಕ್ಕೆ ಹೋಗುತ್ತದೆ, ಏಕೆಂದರೆ ಗುಡ್ಡವೇ ಎತ್ತರ ಕೊಟ್ಟಿದೆ. ಟೊಲೀಡೋದ ಸುತ್ತ ಗುಡ್ಡ ಎಲ್ಲಿಂದ ತರುತ್ತೀ? ಹಾಗಾಗಿ ದೊಡ್ಡ ಟ್ಯಾಂಕೊಂದನ್ನು ನೆಲದ ಮೇಲೇ ಇಟ್ಟು ಸಣ್ಣ ಪಂಪು ಜೋಡಿಸು. ಮಾಡಿನ ನೀರನ್ನು ಖಂಡಿತ ಹಿಡಿ. ಸಾವಿರ ಚದರ ಅಡಿ ಮಾಡಿಗೆ ಕಾಲು ಇಂಚು ಮಳೆ ಬಂದರೂ 150 ಗ್ಯಾಲನ್ ಇಳಿಯುತ್ತದೆ, 55 ಗ್ಯಾಲನ್ನಿನ ಪೀಪಾಯಿ ಅದಕ್ಕೆ ಸಾಲದು. ಟ್ಯಾಂಕಿನಿಂದ ಇನ್ನೊಂದು ಉಪಕಾರ ಉಂಟು. ಬಿಸಿಲಿಗೆ ನಿಂತ ನೀರಿನ ಚಳಿ ಬಿಡುತ್ತದೆ. ನನ್ನ ಬಾವಿಯ ನೀರು ಬೇಸಿಗೆಯಲ್ಲೂ ಕೈ ಮರಗಟ್ಟುವಷ್ಟು ತಣ್ಣಗೆ. ಅದನ್ನು ನೇರವಾಗಿ ಬೆಚ್ಚಗಿನ ಬೇರಿಗೆ ಬಿಡಲಿಕ್ಕೆ ನನಗೆ ಮನಸ್ಸಾಗುವುದಿಲ್ಲ. ಟ್ಯಾಂಕಿನಲ್ಲಿ ಒಂದು ದಿನ ಇಟ್ಟೇ ಕೊಡುತ್ತೇನೆ.

ಹೊತ್ತಿನ ವಿಷಯ. ಜೇಡಿಗೆ 40 ನಿಮಿಷದ ನೀರನ್ನು ದಿನವೂ ಕೊಡುವುದಕ್ಕಿಂತ ದಿನ ಬಿಟ್ಟು ದಿನ 80 ನಿಮಿಷ ಕೊಡು, ಅದನ್ನೂ ಎರಡು ಪಾಲು ಮಾಡಿ. ಬೆಳಿಗ್ಗೆ ಐದಕ್ಕೊಮ್ಮೆ, ಅದು ಇಂಗಿದ ಮೇಲೆ ಒಂಬತ್ತಕ್ಕೊಮ್ಮೆ. ಹಾಗೆ ಮಾಡಿದರೆ ಮೇಲೆ ನೀರು ನಿಂತು ಬದಿಗೆ ಹರಿಯುವುದಿಲ್ಲ. ಸ್ಪ್ರಿಂಕ್ಲರ್ ಬೇಕೇ ಎಂದರೆ, ನೀರುಣಿಸಲಿಕ್ಕೆ ಬೇಡ. ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟುವ ಮಧ್ಯಾಹ್ನಗಳಲ್ಲಿ ಎಲೆ ತಂಪು ಮಾಡಲಿಕ್ಕೆ, ತೋಟಗಳಲ್ಲಿ ಹಾಕುವ ಜೆಟ್ಟಿನಂಥ ಸಣ್ಣ ತುಂತುರನ್ನು ಒಂದೆರಡು ನಿಮಿಷ ಬಿಡಬಹುದು. ಸಂಜೆಯಾಗುವುದರೊಳಗೆ ಎಲೆ ಒಣಗಿರಲೇಬೇಕು. ಒದ್ದೆ ಎಲೆಯಲ್ಲಿ ರಾತ್ರಿ ಕಳೆದರೆ ರೋಗ ಬರುತ್ತದೆ. ನೀರು ನಿಲ್ಲುವ ನೆಲದಲ್ಲಿ ಕುಂಬಳ ಜಾತಿಗೆ ತಗಲುವ ಫೈಟಾಫ್ತೊರಾ ಎಂಬ ಕೊಳೆರೋಗವಂತೂ ಒಮ್ಮೆ ಹಿತ್ತಿಲಿಗೆ ಬಂದರೆ ವರ್ಷಗಟ್ಟಲೆ ಮಣ್ಣಿನಲ್ಲೇ ಉಳಿಯುತ್ತದೆ. ಅಡಿಕೆಗೆ ಕೊಳೆ ಬಂದಾಗ ಅಜ್ಜ ಪಟ್ಟ ಪಾಡು ನಿನ್ನ ಅಮ್ಮನಿಗೆ ಗೊತ್ತು, ಕೇಳು. ಅಡಿಕೆಯ ಕೊಳೆಗೂ ಇದೇ ಕುಟುಂಬದ ರೋಗಾಣುವೇ ಕಾರಣ. ಆದ್ದರಿಂದ ಹಾಸಿಗೆಯನ್ನು ಸುತ್ತಲಿನ ನೆಲಕ್ಕಿಂತ ಆರೆಂಟು ಇಂಚಾದರೂ ಏರಿಸಿ ಮಾಡು, ಕೊಳೆತ ಎಲೆಯ ಗೊಬ್ಬರ ಧಾರಾಳವಾಗಿ ಸೇರಿಸು. ಕಾಯಿ ಕೂರುವ ಜಾಗಕ್ಕೆ ಒಂದು ಹಾಸು ಮರಳು ಹರಡಿದರೆ ಅದರ ತಳದಲ್ಲಿ ನೀರು ತಂಗುವುದಿಲ್ಲ.

ಜುಲೈ ಮೊದಲ ವಾರದಲ್ಲಿ, ಮುಖ್ಯ ಬಳ್ಳಿ ಹತ್ತು ಹನ್ನೆರಡು ಅಡಿ ಹೋದಲ್ಲಿ ಬಿಟ್ಟ ಹೆಣ್ಣು ಹೂವಿಗೆ ಬೆಳ್ಳಂಬೆಳಿಗ್ಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತೀಯಲ್ಲ, ಅಲ್ಲಿಂದ ಇಪ್ಪತ್ತನೇ ದಿನಕ್ಕೆ ನಿಜವಾದ ಓಟ ಶುರು. ಮುಂದಿನ ಒಂದು ತಿಂಗಳು ನಿನ್ನ ವ್ಯವಸ್ಥೆಯ ಪರೀಕ್ಷೆ. ಆಗ ಬೇಕಾದದ್ದು ಸಮತೆ. ನಾಲ್ಕು ದಿನ ಮರೆತು ಐದನೆಯ ದಿನ ಎಲ್ಲವನ್ನೂ ಒಟ್ಟಿಗೆ ಸುರಿದರೆ, ಅಥವಾ ಒಣಗಿದ ಹಾಸಿಗೆಯ ಮೇಲೆ ಗುಡುಗು ಮಳೆ ಎರಡು ಇಂಚು ಹೊಡೆದರೆ, ಒಳಗಿನ ತಿರುಳು ಸಿಪ್ಪೆಗಿಂತ ವೇಗವಾಗಿ ಊದಿ ಕಾಯಿ ಸೀಳುತ್ತದೆ. ಸೀಳು ಒಳಗಿನ ಪೊಳ್ಳಿನವರೆಗೂ ಹೋದರೆ ಸ್ಪರ್ಧೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆ ನಮ್ಮ ಕೈಯಲ್ಲಿಲ್ಲ. ಮಳೆ ಬರುವಾಗ ಮಣ್ಣು ಬಿರಿದು ಬಾಯ್ದೆರೆದಿರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಹದವಾಗಿ ತೇವವಿರುವ ನೆಲಕ್ಕೆ ದೊಡ್ಡ ಮಳೆಯೂ ಅಷ್ಟು ದೊಡ್ಡ ಬದಲಾವಣೆಯಲ್ಲ. ಮಳೆ ಬರುವ ಸೂಚನೆ ಇದ್ದರೆ ಹಿಂದಿನ ದಿನವೇ ಟೈಮರ್ ನಿಲ್ಲಿಸು. ಎಷ್ಟೋ ಮಂದಿ ಮಳೆ ಸುರಿಯುತ್ತಿರುವಾಗಲೂ ಟೈಮರ್ ಓಡಲು ಬಿಡುತ್ತಾರೆ. ಸೆಪ್ಟೆಂಬರಿನಲ್ಲಿ ಬಿಸಿಲು ಇಳಿದು ಕಾಯಿಯ ಬೆಳವಣಿಗೆ ನಿಧಾನವಾದಂತೆ ನೀರನ್ನೂ ಇಳಿಸುತ್ತ ಬಾ.

ಒಂದು ಮಾತನ್ನು ಒತ್ತಿ ಹೇಳಬೇಕು, ಇದು ಕಾಯಿಗಿಂತ ದೊಡ್ಡದು. 2014ರ ಆಗಸ್ಟ್ ಮೊದಲ ವಾರದಲ್ಲಿ ಟೊಲೀಡೋದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿಯ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ ಎಂದು ಆದೇಶವಾಯಿತು. ಈರಿ ಸರೋವರದಲ್ಲಿ ನೀಲಿ-ಹಸಿರು ಪಾಚಿ ಉಕ್ಕಿ, ಅದರ ವಿಷ ಪೇಟೆಯ ಕುಡಿಯುವ ನೀರಿಗೆ ಸೇರಿತ್ತು. ಪಾಚಿಗೆ ಆಹಾರವಾದದ್ದು ಮುಖ್ಯವಾಗಿ ಮೌಮಿ ನದಿ ಹೊತ್ತು ತಂದ ರಂಜಕ. ಅದರಲ್ಲಿ ಹೆಚ್ಚಿನದು ಹೊಲಗದ್ದೆಗಳ ಗೊಬ್ಬರದಿಂದ ಬಂದದ್ದು. ನೆಲದಡಿಯ ಬಸಿಗೊಳವೆಗಳೂ ಅದಕ್ಕೆ ದಾರಿ. ನಿನ್ನ ಹಿತ್ತಿಲಿನಡಿಯಲ್ಲೂ ಅಂಥ ಹಳೆಯ ಕೊಳವೆ ಇರಬಹುದು. ದೈತ್ಯ ಕುಂಬಳದವರು ಗೊಬ್ಬರ ಸುರಿಯುವುದರಲ್ಲಿ ಕೈಬಿಗಿ ಮಾಡುವುದಿಲ್ಲ. ಪೈಪಿಗೆ ವೆಂಚುರಿ ಎಂಬ, ಗೊಬ್ಬರ ಎಳೆದುಕೊಳ್ಳುವ ಸಾಧನ ಜೋಡಿಸಿ ನೀರಿನಲ್ಲೇ ಕಲಸಿ ಬಿಡುತ್ತಾರೆ. ನೀನೂ ಬಿಡಬಹುದು, ಆದರೆ ಮಣ್ಣು ಪರೀಕ್ಷೆ ಮಾಡಿಸದೆ ರಂಜಕದ ಗೊಬ್ಬರ ಮುಟ್ಟಬೇಡ. ಗೊಬ್ಬರ ಬೆರೆಸಿದ ದಿನ ಬೇರಿನ ಮಟ್ಟ ದಾಟಿ ನೀರು ಇಳಿಯುವಷ್ಟು ಹೊತ್ತು ವಾಲ್ವ್ ತೆರೆದಿಡಬೇಡ. ಬೇರು ಹೀರದ ನೀರು ಕೊಳವೆಗೆ, ಕೊಳವೆಯಿಂದ ನದಿಗೆ, ನದಿಯಿಂದ ನೀನು ಕುಡಿಯುವ ಲೋಟಕ್ಕೇ ಬರುತ್ತದೆ. ಒಂದು ಕಾಯಿಯ ಆಸೆಗೆ ಊರಿನ ನೀರು ಕೆಡಿಸಿದರು ಎಂಬ ಮಾತು ನಮ್ಮ ಮನೆಯವರ ಮೇಲೆ ಬರಬಾರದು.

ಮೊದಲ ವರ್ಷವೇ ಸಾವಿರ ಪೌಂಡು ಎಂದು ಗುರಿ ಇಟ್ಟುಕೊಳ್ಳಬೇಡ. ಮುನ್ನೂರು ಪೌಂಡಿನ ಕಾಯಿಯೊಂದನ್ನು ಸೀಳದೆ, ಕೊಳೆಯದೆ ಅಕ್ಟೋಬರಿಗೆ ಮುಟ್ಟಿಸಿದರೆ ನನ್ನ ಲೆಕ್ಕದಲ್ಲಿ ನೀನು ಗೆದ್ದಂತೆ. ಒಹಾಯೋದ ಸರ್ಕಲ್‌ವಿಲ್‌ನಲ್ಲಿ 1903ರಿಂದ ನಡೆದುಬಂದ ಕುಂಬಳದ ಜಾತ್ರೆ ಅಕ್ಟೋಬರಿನಲ್ಲಿ ಆಗುತ್ತದೆ. ಹೋಗಿ ಬೆಳೆಗಾರರೊಡನೆ ಮಾತಾಡು. ಎಷ್ಟು ತೂಕ ಎಂದು ಕೇಳುವುದಕ್ಕಿಂತ ನಿಮ್ಮದು ಎಂಥ ಮಣ್ಣು, ಎಷ್ಟು ದಿನಕ್ಕೆ ನೀರು ಎಂದು ಕೇಳು. ಹಾಗೆ ಕೇಳಿದವರಿಗೆ ಅವರು ಮನಬಿಚ್ಚಿ ಹೇಳುತ್ತಾರೆ. ನನಗೂ ಹಾಗೆ ಹೇಳಿಕೊಟ್ಟ ಹಿರಿಯರು ಇಲ್ಲಿ ಇದ್ದರು.

ಟೇಪು, ಟೈಮರ್ ತರಲಿಕ್ಕೆ ಅಂಗಡಿಗೆ ಹೋಗುವ ಮೊದಲು ಮೂರು ಲೆಕ್ಕ ಬರೆದು ಕಳುಹಿಸು. ಬಕೆಟ್ ತುಂಬಲಿಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು? ಹಿತ್ತಿಲಿನಲ್ಲಿ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿದರೆ ಇಂಗಲಿಕ್ಕೆ ಎಷ್ಟು ಗಂಟೆ ಬೇಕಾಯಿತು? ಬಿಸಿಲು ಬೆಳಿಗ್ಗೆ ಎಷ್ಟಕ್ಕೆ ಬಂದು ಸಂಜೆ ಎಷ್ಟಕ್ಕೆ ಹೋಗುತ್ತದೆ? ಅವು ಕೈಗೆ ಬಂದ ಮೇಲೆ ನೀನು ಬರೆದ ನಕ್ಷೆಯನ್ನು ಇಬ್ಬರೂ ಕೂತು ನೋಡೋಣ. ಬೀಜ ಈ ಕಾಗದದ ಜೊತೆಗೇ ಕಳುಹಿಸಿದ್ದೇನೆ, ಏಪ್ರಿಲ್ ಮೂರನೇ ವಾರದಲ್ಲಿ ಮನೆಯೊಳಗೆ ಕುಂಡದಲ್ಲಿ ಹಾಕು.

ನಿನ್ನ ಪ್ರೀತಿಯ
ಮಾವ